ಬಗಲ ಗೆರೆ

ಆಸ್ಟಿನ್ ಟೌನಿನ ಸಲೂನು, ಭಾನುವಾರ ಬೆಳಿಗ್ಗೆ.
ಕನ್ನಡಿಯಲ್ಲಿ ನೊರೆ ಹಚ್ಚಿದ ನನ್ನ ಮುಖ,
ಅದರ ಹಿಂದೆ ಟಿವಿ, ನಿನ್ನೆ ರಾತ್ರಿಯ ಯಾವುದೋ ದೇಶದ ಮ್ಯಾಚು,
ಎಡ ಬಲ ಅದಲು ಬದಲು.

ಗೋಲು ಬಿತ್ತು. ಕುಣಿದರು. ಕುಣಿತ ಅರ್ಧಕ್ಕೆ ನಿಂತಿತು.
ರೆಫರಿ ಕಿವಿಗೆ ಬೆರಳಿಟ್ಟು
ಎಲ್ಲೋ ಇರುವ ಕೋಣೆಯ ಮಾತಿಗೆ ಕಾದ.
ಆಮೇಲೆ ತೆರೆಯ ಮೇಲೆ ಒಂದು ನೀಲಿ ಗೆರೆ, ಒಂದು ಕೆಂಪು:
ಹುಡುಗನ ಬಗಲು ಹುಡುಗನಿಗಿಂತ
ಎರಡು ಬೆರಳು ಮುಂದೆ ಹೋಗಿತ್ತಂತೆ.

"ಬಗಲಲ್ಲಿ ಯಾರಾದ್ರೂ ಗೋಲು ಹೊಡೀತಾರಾ ಸಾರ್?"
ಜಪಮಾಲೈ ಹೊಸ ಬ್ಲೇಡು ಮುರಿದು ಕತ್ತಿಗೆ ಸಿಕ್ಕಿಸಿದ.
ನಾನು ನಗಲಿಲ್ಲ. ಕುತ್ತಿಗೆ ಅವನ ಕೈಯಲ್ಲಿತ್ತು.

ಮೂವತ್ತು ವರ್ಷ ದೂರವಾಣಿನಗರದ ಕಾರ್ಖಾನೆಯಲ್ಲಿ
ಮೈಕ್ರೋಮೀಟರ್ ಹಿಡಿದವನು ನಾನು.
ಕೂದಲೆಳೆಯ ಹತ್ತನೇ ಪಾಲು ಹೆಚ್ಚಾದರೂ
ತುಂಡು ವಾಪಸ್, ಕೆಂಪು ಚೀಟಿ.
ಭಾನುವಾರ ಮಾತ್ರ ಬರಿಗಣ್ಣು, ಒಂದು ಹಳದಿ ಬಾವುಟ,
ಬೆನ್ನಿಗೆ ಕಡಲೆಕಾಯಿ ಸಿಪ್ಪೆ,
ತಮಿಳು ಉರ್ದು ಕನ್ನಡ ಮೂರರಲ್ಲೂ ನನ್ನ ತಾಯಿಯ ಹೆಸರು.

ಒದ್ದ ಕಾಲನ್ನೂ ಓಡುವ ಕಾಲನ್ನೂ
ಒಂದೇ ಕ್ಷಣ ನೋಡಬೇಕು,
ನಡುವೆ ನಲವತ್ತು ಗಜ.
ದೇವರು ಕಣ್ಣು ಎರಡು ಕೊಟ್ಟ,
ಎರಡನ್ನೂ ಒಂದೇ ಕಡೆಗೆ ಕಟ್ಟಿದ.

ತೊಂಬತ್ತಾರು. ಬಿ ಡಿವಿಷನ್.
ಹತ್ತೊಂಬತ್ತರ ಜಪಮಾಲೈ ಬಲೆ ಅಲುಗಿಸಿದಾಗ
ನನ್ನ ಬಾವುಟ ಆಗಲೇ ಮೇಲಿತ್ತು.
ಎತ್ತಿದ ಮೇಲೆ ಕಂಡೆ:
ಆಚೆ ಬದಿಯ ಬ್ಯಾಕು ಲೇಸು ಕಟ್ಟಿಕೊಳ್ಳುತ್ತ
ಎಲ್ಲರಿಗಿಂತ ಹಿಂದೆ ಕೂತಿದ್ದ.
ಇಳಿಸಬಹುದಿತ್ತು.
ಕೈ ಕೇಳಲಿಲ್ಲ, ಅಥವಾ ನಾನು ಕೈಗೆ ಹೇಳಲಿಲ್ಲ.
ಇದನ್ನು ಹಿಡಿಯುವ ಕ್ಯಾಮೆರಾ ಯಾವ ಕೋಣೆಯಲ್ಲೂ ಇಲ್ಲ.

ಹುಡುಗರನ್ನು ಆರಿಸಲು ಬಂದಿದ್ದ ರೈಲ್ವೆಯವರು
ಅರ್ಧ ಟೀ ಬಿಟ್ಟು ಎದ್ದರು.
ಗೋಲು ನಿಂತಿದ್ದರೆ ಕೂರುತ್ತಿದ್ದರೋ,
ಟೀ ಆರಿತ್ತೋ, ಏನೋ.

"ಅವತ್ತು ನೀನು ಆಫ್‌ಸೈಡ್ ಇರಲಿಲ್ಲ ಕಣೋ,"
ಅಂದೆ, ನೊರೆಯೊಳಗಿಂದ.
ಕತ್ತಿ ಗಂಟಲ ಗಂಟಿನ ಮೇಲೆ ನಿಂತಿತು.
ನಿಂತೇ ಇತ್ತು.
ಟಿವಿಯಲ್ಲಿ ಮತ್ತೆ ಅದೇ ಗೋಲು, ನಿಧಾನಕ್ಕೆ.

"ಅಲ್ಲಾಡಬೇಡಿ ಸಾರ್."

ಕೊನೆಗೆ ಕಿವಿಗಳ ಪಕ್ಕ ಹೆಬ್ಬೆರಳು ಇಟ್ಟು
ಒಂದು ಕಣ್ಣು ಮುಚ್ಚಿ ಸೈಡ್‌ಲಾಕ್ ಅಳೆದ.
"ಸಮ ಇದೆಯಾ ನೋಡಿ."
ಎಡದ್ದು ಒಂದೆಳೆ ಕೆಳಗಿತ್ತು,
ಕನ್ನಡಿಯ ಲೆಕ್ಕದಲ್ಲಿ ಬಲದ್ದು.
ಇದೆ, ಅಂದೆ.

ನೂರು ಕೊಟ್ಟು ಹೊರಟೆ.
ಬಾಗಿಲ ತನಕ ಬಂದು, ಕರೆದು,
ಇಪ್ಪತ್ತು ಎಣಿಸಿ ಕೊಟ್ಟ.