ದುಪ್ಪಟಿ

ಸಸಿ ಮಾರುವ ಕಂಪನಿಯ ಕ್ಯಾಟಲಾಗಿಗೆ ಹನ್ನೆರಡು ಚಿತ್ರ,
ಬಿಳಿ ಪಿಯೋನಿಯದು, ಎಸಳೆಸಳೂ ಎಣಿಸುವಂತಿರಬೇಕು.
ರೀಗಾದಿಂದ ಎರಡು ತಾಸಿನ ದಾರಿ.
ನಾನು ತಲುಪುವಷ್ಟರಲ್ಲಿ ಜೂನಿನ ಸೂರ್ಯ
ಮೊಳೆ ಹೊಡೆದ ಹಾಗೆ ನಿಂತುಬಿಟ್ಟಿದ್ದ.

ಗೇಟು ತೆಗೆದವಳು ವೆಲ್ಟಾ. ಎಪ್ಪತ್ತೊಂಬತ್ತು.
ತಲೆಗೆ ಚೌಕ, ಕಾಲಿಗೆ ಗಂಡನ ರಬ್ಬರ್ ಬೂಟು.
"ಅದೃಷ್ಟವಂತ ನೀನು, ನೋಡು ಎಂಥಾ ಬಿಸಿಲು!"
ಅಂದಳು, ತಾನೇ ಕಾಯಿಸಿ ಇಳಿಸಿದ ಹಾಗೆ.

ಹೇಗೆ ಹೇಳಲಿ,
ಈ ಬಿಸಿಲು ನನ್ನ ಕಸುಬಿಗೆ ಆಗಿಬರುವುದಿಲ್ಲ ಎಂದು?
ಎಸಳಿನ ಅಂಚು, ನರ, ಬುಡದಲ್ಲಡಗಿದ ಚೂರು ಗುಲಾಬಿ
ಎಲ್ಲ ಸುಟ್ಟು ಸುಣ್ಣ.
ನೆರಳೋ, ಇಣುಕಿದರೆ ತಳವಿಲ್ಲದ ಬಾವಿ.

"ಒಂದು ಮೋಡ ಬರಲಿ, ಕಾಯೋಣ" ಅಂದೆ.
ಊಟಕ್ಕೆ ಕೂತವನು ಹಸಿವು ಬಡಿಸಿ ಅಂದಂತೆ
ನೋಡಿದಳು ನನ್ನ.
ನವೆಂಬರಿನಿಂದ ಕಿಟಕಿಗೆ ಮೂಗೊತ್ತಿ
ಹಿಮದಡಿಯ ಗಡ್ಡೆಗಳ ಜೊತೆ ತಾನೂ ಕಾದವಳ ಮುಂದೆ
ಮೋಡದ ಮಾತೆ?

ಕಾದೆವು.
ಹುಳಿಸೊಪ್ಪಿನ ಸಾರು, ಕಪ್ಪು ರೊಟ್ಟಿ.
ಆಕಾಶ ತೊಳೆದು ಬೋರಲಿಟ್ಟ ಪಿಂಗಾಣಿ.
ಲೈಟುಕಂಬದ ಗೂಡಿನಲ್ಲಿ ಕೊಕ್ಕರೆ ಕಟಕಟ ಕೊಕ್ಕು ಕುಟ್ಟಿತು.
"ಇದರ ಹೆಸರೇನು?" ಕೇಳಿದೆ, ಬರೆದುಕೊಳ್ಳಲು.
"ಸ್ಟೇಷನ್ನಿನದು" ಅಂದಳು.
ರೈಲು ನಿಂತುಹೋದ ವರ್ಷ
ಸ್ಟೇಷನ್ ಮಾಸ್ತರನ ಖಾಲಿ ಹಿತ್ತಿಲಿಂದ
ಹಾಲಿನ ಕ್ಯಾನಿನಲ್ಲಿ ಗಡ್ಡೆ ಕೂರಿಸಿಕೊಂಡು
ಆರ್ವಿಡ್ಸ್ ಸೈಕಲ್ಲು ತುಳಿದು ತಂದದ್ದಂತೆ.
"ಕದ್ದದ್ದು ಅನ್ನು ಬೇಕಾದರೆ.
ಕಂಪನಿಯವರು ಏನೋ ಹೆಸರಿಡುತ್ತಾರಂತೆ, ಇಡಲಿ."

ಗಂಟೆ ಎರಡಾಯಿತು. ಹತ್ತಿಯಷ್ಟೂ ಮೋಡವಿಲ್ಲ.
ಆಕೆ ಎದ್ದಳು.
ಹಗ್ಗದ ಮೇಲಿನ ದುಪ್ಪಟಿ ಸರಕ್ಕನೆ ಎಳೆದು
ಬೇಲಿಯಾಚೆಗೆ ಕೂಗಿದಳು: "ಸ್ಕೈದ್ರಿತೆ!"
ಹಿಟ್ಟಿನ ಕೈಯಲ್ಲೇ ಬಂದಳು ನೆರೆಯವಳು.
ಇಬ್ಬರೂ ಎರಡು ತುದಿ ಹಿಡಿದು
ಹೂವಿನ ಮೇಲೆ ಎತ್ತಿ ನಿಂತರು.
"ತಗೋ ನಿನ್ನ ಮೋಡ."

ಅದರಡಿ ಬಿಸಿಲು ಕೆನೆಯಾಗಿ ಇಳಿಯಿತು.
ನಾನು ಮಂಡಿಯೂರಿದೆ.
ಎಸಳೆಸಳೂ ಈಗ ಬಿಡಿಬಿಡಿಯಾಗಿ ನನ್ನೊಡನೆ ಮಾತಿಗಿಳಿದವು.
ಇರುವೆಯೊಂದು ಅಂಚಿನಲ್ಲಿ ನಡೆಯುತ್ತಿತ್ತು,
ಊದಿ ಬೀಳಿಸಹೋದೆ, ವೆಲ್ಟಾ ಗದರಿದಳು:
"ಬಿಡು, ಅದೂ ಇಲ್ಲಿಯದೇ."
ತೇಪೆಯ ಚೌಕ ನೆರಳು ಒಮ್ಮೊಮ್ಮೆ ಹೂವಿಗೆ ಹೊರಳುತ್ತಿತ್ತು,
ಎಂಬತ್ತರ ಹತ್ತಿರದ ತೋಳು ನಡುಗಿದಾಗ.
ಕ್ಲಿಕ್. ಇನ್ನೊಂದು. ಸ್ವಲ್ಪ ಎಡಕ್ಕೆ, ಅಮ್ಮಾ.
ಹನ್ನೆರಡಾಯಿತು.

ದುಪ್ಪಟಿ ಹುಲ್ಲಿಗೆ ಬಿತ್ತು.
ಬೂಟಿನ ಮಣ್ಣು ಕೊಡವಿ, ಚೌಕ ಸರಿಮಾಡಿಕೊಂಡು
ಗಿಡದ ಪಕ್ಕ ನಿಂತಳು. "ಈಗ ನಂದೊಂದು. ಬಿಸಿಲಲ್ಲಿ."
"ಚೆನ್ನಾಗಿ ಬರಲ್ಲ" ಅಂದೆ.
"ತೆಗಿ."

ಅದರಲ್ಲಿ ಯಾವುದೂ ಸರಿಯಿಲ್ಲ.
ಕಣ್ಣು ಕಿರಿದಾಗಿ ಎರಡು ಗೆರೆ,
ಅರ್ಧ ಮುಖ ಬೆಳಕಿಗೆ ಹೋಗಿದೆ, ಅರ್ಧ ಚೌಕದ ನೆರಳಿಗೆ,
ಹೂವಂತೂ ಹೂವೇ ಅಲ್ಲ, ಉರಿಯುವ ಉಂಡೆ.

ಎರಡು ಪ್ರತಿ ಕಳಿಸು ಎಂದು ಕಾಗದ ಬಂತು,
ಒಂದು ಸ್ಕೈದ್ರಿತೆಗೆ.