ಒಂದಿಂಚು

"ಒಡಿಯೋದು ಬ್ಯಾಡ್ರಿ ಬಾಯಿ," ಅಂದ ರುಕ್ಮೋದ್ದೀನ,
"ಹಳೇ ಫರಸಿ ಎಬ್ಬಿಸಿದರ ಮನೀತುಂಬ ಧೂಳು,
ಎಂಟು ದಿನ ಒಲಿ ಹಚ್ಚಂಗಿಲ್ಲ ನೀವು.
ಮ್ಯಾಲೇ ಕೂಡಸ್ತೀನಿ. ಗಮ್ಮು, ಟೈಲ್ಸ,
ತಗ್ಗು ದಿನ್ನಿ ಎಲ್ಲಾ ಹಿಡದು
ಒಂದಿಂಚು ಏರ್ತದ ಮನಿ. ಅಷ್ಟ."

ಶಹಾಬಾದದಾಗ ಕುಂತು
ಶಹಾಬಾದಿ ಕಲ್ಲಿನ ಮ್ಯಾಲ
ಮೋರ್ಬಿಯ ಹಾಲುಬಣ್ಣದ ಟೈಲ್ಸ ಹಾಸೋದಂದರ
ಗಾಣಗ್ಯಾರ ಮನಿಗಿ ಪಾಕೀಟಿನ ಎಣ್ಣಿ ತಂದಂಗ.
ನಗತಾರ ಓಣ್ಯಾಗ. ನಗಲಿ.
ಹದಿನೇಳು ವರ್ಷ ಒರಸೀನಿ ಈ ಬೂದಿಬಣ್ಣ,
ಸಂದಿನಾಗ ಸಿಕ್ಕ ಜ್ವಾಳದ ಹಿಟ್ಟು,
ಹಿಟ್ಟಿಗಿ ಬಂದ ಇರಿವಿ,
ಎಷ್ಟು ತಿಕ್ಕಿದರೂ ಮಳಿ ಬರದ ಮೋಡದಂಥ ಮಸಕು.

ಸುತ್ತಿಗಿ ತಿರುವಿ ಹಿಡಿಯಿಂದ
ಒಂದೊಂದೇ ಫರಸಿ ಬಡದು ನೋಡಿದ.
ಟಣ್. ಟಣ್. ಟಣ್. ಡಬ್.
"ಇದು ಪೊಳ್ಳು."
ಅವನಿಗಿಂತ ಮೊದಲು ನನಗ ಕೇಳಿತ್ತು.
ಗಣ್ಯಾಗ ಅಪ್ಪ ಹಿಂಗೇ ಬಡೀತಿದ್ದ,
"ಕಲ್ಲಿಗಿ ಪದರಿರ್ತಾವ, ಚಪಾತಿಗಿದ್ದಂಗ,
ಕಿವೀಲೆ ಬಿಡಸಬೇಕು, ಕೈಲೆ ಅಲ್ಲ" ಅಂತಿದ್ದ.
ಈ ಕಲ್ಲು ಒಂದು ಕಾಲಕ್ಕ
ಕಡಲಿನ ತಳದ ರಾಡಿ ಅಂತ ಸಾಲ್ಯಾಗ ಹೇಳಿದ ದಿನ
ಓಡಿಬಂದು ಅವನಿಗಿ ಹೇಳಿದ್ದೆ.
ಬೀಡಿ ಆರಿಸಿ, ಹೌದೇನು,
"ಅದಕ್ಕ ಬ್ಯಾಸಗ್ಯಾಗ ತಣ್ಣಗಿರ್ತದ" ಅಂದ.
ಅಲ್ಲಿಗಿ ಮುಗೀತು ಕಡಲಿನ ಮಾತು.

ಪೊಳ್ಳು ಕಲ್ಲು ಎತ್ತಿದರು.
ಕೆಳಗ ಉಸುಕು, ಒಂದು ಗುಂಡಿ, ಇರಿವಿ ಗೂಡು.
ಇಷ್ಟು ನೋಡ್ಲಾಕ ಬಾಜೂಮನಿ ಕಾಶಮ್ಮ
ತನ್ನ ತಂಗೀನ್ನೂ ಕರಕೊಂಡು ಬಂದಿದ್ದಳು.

ಉಳದ ಕಲ್ಲಿಗೆಲ್ಲ ಭೀಮಶ್ಯಾ ಟಚ್ಚು ಹೊಡದ,
ನುಣುಪಿಗಿ ಗಮ್ಮು ಹಿಡಿಯಂಗಿಲ್ಲಂತ.
ಮಾರಿತುಂಬ ಸಿಡುಬಿನ ಕಲಿ ಬಿದ್ದಂಗ ಆತು ನಡುಮನಿ.
ನನ್ನ ನಾದಿನಿ ಮೊಳಿಲೆ ಕೊರದ ಚೌಕಾಬಾರದ ಮನಿ
ಅದರಾಗೇ ಹೋತು,
ನಾ ಸೋತ ಆಟಗೋಳ ಸಮೇತ.

ಕಿವಿ ಮ್ಯಾಲಿನ ಪೆನ್ಸಿಲ್ ತಗದು
ಕಲ್ಲಿನ ಮ್ಯಾಲೇ ಲೆಕ್ಕ ಬರದ ರುಕ್ಮೋದ್ದೀನ:
ಹನ್ನೊಂದು ಹದಿನಾಕ್ಲೆ ನೂರಾ ಅರವತ್ತನಾಕು.
ಐವತ್ತನಾಕಲ್ಲೇನೋ ಅಣ್ಣಾ, ಅನ್ನೂದ್ರಾಗ
ಗಮ್ಮು ಸುರದು ಹಲ್ಲಿನ ಕರಣಿ ಎಳದೇ ಬಿಟ್ಟಿದ್ದ.
ಹತ್ತು ಫೂಟಿನ ತಪ್ಪು
ಇನ್ನ ಯಾರ ಕೈಗೂ ಸಿಗಂಗಿಲ್ಲ.
ಅದರ ಎರಡೂವರಿ ಟೈಲ್ಸ ಜೀನಿ ಕೆಳಗ ನಿಂತಾವ,
ಒಂದರ ಮ್ಯಾಲ ನೀರಿನ ಕೊಡ.

ಎರಡು ರಾತ್ರಿ ಪಡಸಾಲ್ಯಾಗ ಮಲಗಿದಿವಿ.
ಮೂರನೇ ದಿನ ಬಾಗಿಲಾ ತೆರೀಲಿಲ್ಲ.
ಮೋನಪ್ಪ ಬಡಿಗ್ಯಾ ಬಂದು, ಕದಾ ಇಳಿಸಿ,
ಅದರ ಪಾದ ಕೊಯ್ದ.
ಹೊಸ್ತಿಲದು ಎತ್ತರ ಕಮ್ಮಿ ಆಗ್ಯಾದ,
ಕಾಲಿಗಿನ್ನ ಸುದ್ದಿ ಮುಟ್ಟಿಲ್ಲ,
ದಾಟುವಾಗೆಲ್ಲ ಇಲ್ಲದ ಎತ್ತರಕ್ಕ ಏಳ್ತದ.

ಚೌಕಟ್ಟಿಗಿ ಭಾಗ್ಯಶ್ರೀದು ವರ್ಷಕ್ಕೊಂದು ಗೀಟು.
ಹೋದ ಪಂಚಮಿ ಗೀಟೂ ಈ ಪಂಚಮಿ ಗೀಟೂ
ಒಂದರ ಮ್ಯಾಲೊಂದು ಕುಂತಾವ.
ಸಾಲ್ಯಾಗ ಗಿಡ್ಡಿ ಅಂತಾರ.
ಹಿಮ್ಮಡ ಊರಿ, ಬೆನ್ನ ಹಚ್ಚಿ ನಿಂತು
"ಎವ್ವಾ, ನೋಡು, ಬೆಳದೀನಿ!" ಅಂದಳು.
ನೆತ್ತಿಗಿ ಸ್ಕೇಲ್ ಇಟ್ಟೆ.
ಒಂದಿಂಚು. ಸರಿಯಾಗಿ ಒಂದಿಂಚು.

ನಳದ ಕೆಳಗ ಕೈ ತೊಳೀತಿದ್ದ ರುಕ್ಮೋದ್ದೀನ
ನನ್ನ ನೋಡಿದ.
ನಾನು ಅವನ ನೂರಾ ಅರವತ್ತನಾಕು ಹುಗದ ಜಾಗಾ ನೋಡಿದೆ.
"ಪೆನ್ಸಿಲ್ ಕೊಡು" ಅಂದೆ.
ಗೀಟು ಎಳದು ತಾರೀಖು ಬರದೆ.

ಮುಂಜಾನಿ ಎರಡು ಜಡಿ ಎತ್ತಿ ಕಟ್ಟಿಸಿಕೊಂಡು
ಕುತಿಗಿ ನೆಟ್ಟಗ ಮಾಡಿ ಹೋದಳು.
ಸಾಲ್ಯಾಗ
ಇನ್ನೂ ಶಹಾಬಾದಿ ಫರಸಿನೇ ಅದ.