ಎರಡು ಗಂಟೆಗೊಮ್ಮೆ

ಶನಿವಾರ ಹನ್ನೊಂದಕ್ಕೆ ಮಿಲ್ಡುರಾದಲ್ಲಿ
ಬಿಸಿಲು ಆಗಲೇ ಪಿಚ್ಚಿನುದ್ದಕ್ಕೂ ಕಾಲು ಚಾಚಿ ಮಲಗಿದೆ.
ಬಿಳಿ ಕೋಟಿನ ಒಂದು ಜೇಬಲ್ಲಿ ಆರು ಗೋಲಿ,
ಎಸೆತಕ್ಕೊಂದು, ಲೆಕ್ಕ ತಪ್ಪದಿರಲೆಂದು.
ಇನ್ನೊಂದರಲ್ಲಿ ಹೆಬ್ಬೆರಳುದ್ದದ ಟ್ಯೂಬು.
ನಾನು ಅಂಪೈರು. ಉಳಿದ ದಿನಗಳಲ್ಲಿ
ಹತ್ತನೇ ತರಗತಿಗೆ ಕೆಮಿಸ್ಟ್ರಿ.

ಮೊದಲ ವರ್ಷ ಏನೂ ಹಚ್ಚುತ್ತಿರಲಿಲ್ಲ.
'ಹುಟ್ಟುವಾಗಲೇ ಕೊಡೆ ಹಿಡಿದು ಬಂದ ಚರ್ಮ ಕಣೇ ನಮ್ಮದು'
ಎಂದು ಸೋದರತ್ತೆ ಫೋನಿನಲ್ಲಿ ನಕ್ಕಿದ್ದಳು.
ಆಮೇಲೆ ಹಚ್ಚಿದೆ, ಕ್ಲಬ್ಬಿನ ಡಬ್ಬಿಯ ದಪ್ಪ ಜಿಂಕು:
ಮುಖ, ಸುಣ್ಣ ಹೊಡೆದ ಮೈಲಿಗಲ್ಲು.
ಸ್ಲಿಪ್ಪಿನ ಹುಡುಗರು ಕೆಮ್ಮಿ ಕೆಮ್ಮಿ ನಗು ನುಂಗಿದರು.

ಇದು ಹಾಗಲ್ಲ.
ಮಜ್ಜಿಗೆಯ ಮೇಲಿನ ತಿಳಿಯಷ್ಟು ತೆಳು.
ಕೆನ್ನೆಗೆ ತಾಕಿದೊಡನೆ ಸ್ಪಿರಿಟ್ಟು ಹಾರಿಹೋಗಿ
ಒಂದು ಗಳಿಗೆಯ ತಂಪು; ಉಳಿಯುವುದು
ಎಣ್ಣೆಯಲ್ಲಿ ಕರಗಿದ ಅಣುಗಳ ಒಂದು ಪೊರೆ.
ಹಚ್ಚಿದೆನೋ ಮರೆತೆನೋ, ನನಗೇ ಅನುಮಾನ.

ಅಣುವಿನ ಹೆಸರು ಅವೊಬೆನ್ಜೋನ್.
ಎರಡು ಉಂಗುರ, ನಡುವೆ ಸಣ್ಣ ಸೇತುವೆ,
ಸೇತುವೆಯ ಮೇಲೆ ಈ ದಡವೋ ಆ ದಡವೋ
ಎಂದು ತೀರ್ಮಾನಿಸದ ಒಂದು ಹೈಡ್ರೋಜನ್.
ಕಣ್ಣಿಗೆ ಕಾಣದ ಕಿರಣ ಬಂದು ಬಡಿದರೆ
ಇದು ಕನ್ನಡಿಯ ಹಾಗೆ ತಿರುಗಿ ಎಸೆಯುವುದಿಲ್ಲ,
ಗುಟುಕರಿಸುತ್ತದೆ.
ಒಳಗೊಂದು ಎಲೆಕ್ಟ್ರಾನು ಅಟ್ಟಕ್ಕೆ ನೆಗೆಯುತ್ತದೆ,
ಅಣು ನೆನೆದ ನಾಯಿಯಂತೆ ಮೈ ಕೊಡವುತ್ತದೆ,
ನುಂಗಿದ್ದೆಲ್ಲ ಬರೀ ಬಿಸುಪಾಗಿ ಚೆಲ್ಲಿ
ಎಲೆಕ್ಟ್ರಾನು ಇಳಿದು ತನ್ನ ಚಾಪೆಗೆ ಬರುತ್ತದೆ.
ರೆಪ್ಪೆ ಬಡಿಯುವಷ್ಟರಲ್ಲಿ ಇದು
ಎಷ್ಟು ಕೋಟಿ ಸಲ ಮುಗಿದೀತು ಎಂದು
ಬೋರ್ಡಿನ ಮೇಲೆ ಸೊನ್ನೆ ಜೋಡಿಸುತ್ತ ಹೋದರೆ
ಮಕ್ಕಳು ಕಿಟಕಿಯಾಚೆ ನೋಡುತ್ತಾರೆ.

'ಹೌಜ್ ದಟ್!'
ಹನ್ನೊಂದು ಗಂಟಲು, ಒಂದೇ ದಿಕ್ಕು, ನನ್ನ ಮುಖ.
ಚೆಂಡು ಲೆಗ್ ಸ್ಟಂಪಿನಾಚೆ ಬಿದ್ದಿತ್ತು.
ಕಿವಿ ಬೆಚ್ಚಗಾಗುತ್ತದೆ, ಅಷ್ಟೇ.
ತಲೆ ಅಡ್ಡ ಆಡಿಸುತ್ತೇನೆ.
ಒಂದು ಗೋಲಿ ಎಡಗೈಯಿಂದ ಬಲಗೈಗೆ.
ಮರಳಿ ಹೋಗುತ್ತ ಬೌಲರು ಏನೋ ಗೊಣಗಿದ,
ನನ್ನ ಕಣ್ಣಿನ ಬಗ್ಗೆ, ನನ್ನ ಊರಿನ ಬಗ್ಗೆ.

ಪ್ರತಿಸಲ ಎಲ್ಲ ಅಣುವೂ ಇಳಿದು ಬರುವುದಿಲ್ಲ.
ಕೆಲವು ಮೇಲೆಯೇ ಸಿಕ್ಕಿಕೊಂಡು,
ಸೇತುವೆ ಮುರಿದು, ತುಂಡು ತುಂಡು.
ಅದಕ್ಕೇ ಟ್ಯೂಬಿಗೆ ಇನ್ನೊಂದನ್ನು ಬೆರೆಸುತ್ತಾರೆ, ಆಕ್ಟೊಕ್ರಿಲೀನ್.
ಪಕ್ಕದಲ್ಲಿ ನಿಂತು, ಹೆಚ್ಚಾದ ಉರಿಯನ್ನು
ತನ್ನ ಮೈಮೇಲೆ ಹಾಕಿಕೊಳ್ಳುವುದು ಅದರ ಕೆಲಸ.

ಸ್ಕ್ವೇರ್ ಲೆಗ್‌ನಲ್ಲಿ ಲೈಲ್ ಪಾಸ್ಕೋ. ಎಪ್ಪತ್ತೊಂದು.
ಎಡಗಿವಿಯ ಮೇಲ್ತುದಿ ಇಲ್ಲ, ಇಲಿ ಕಚ್ಚಿದ ದೋಸೆ.
'ಆಗೆಲ್ಲ ಬೇಬಿ ಎಣ್ಣೆ ಹಚ್ಚಿಕೊಂಡು
ಮರ್ರೆ ನದಿಯ ಮರಳಲ್ಲಿ ಹಪ್ಪಳದಂತೆ ಒಣಗುತ್ತಿದ್ದೆವು.'
(ಹಪ್ಪಳ ನನ್ನದು. ಅವನು ಹೇಳಿದ್ದು ಬೇಕನ್.)
ಡ್ರಿಂಕ್ಸ್ ಬಂದಾಗ ಅವನು ನನ್ನ ಹತ್ತಿರ ಬರಲಿಲ್ಲ.
ನೇರ ಫೀಲ್ಡಿಂಗ್ ಕ್ಯಾಪ್ಟನ್ನಿನ ಬಳಿ ಹೋಗಿ
ಎರಡು ನಿಮಿಷ, ಬೆನ್ನು ನನಗೆ, ಮೆಲುದನಿ.
ಕತ್ತು ಕೆಂಪಾದದ್ದು ಅವನದು.
ಬಂದವನು ಹೇಳಿದ್ದಿಷ್ಟು: 'ಕಿತ್ತಳೆ ಬೇಕಾ?'

ಗಂಟೆ ಒಂದು. ಹಚ್ಚಿದ್ದು ಬೆವರಿಗೆ ಹರಿದು ಕಾಲರಿಗಿಳಿದಿದೆ.
ಮತ್ತೆ ಹಚ್ಚಿಕೊಂಡೆ, ಹಣೆ, ಮೂಗು, ಕತ್ತಿನ ಹಿಂದೆ.
ಅವನ ಅಂಗೈಗೂ ಒಂದಿಷ್ಟು ಹಿಂಡಿದೆ.
'ನೀರಿನ ಹಾಗಿದೆ, ಇದೇನು ಮಾಡೀತು?' ಎಂದ.
ಹೇಳಲು ಹೊರಟರೆ ಒಂದು ಪೀರಿಯಡ್ಡು ಬೇಕು.
'ಸುಮ್ಮನೆ ಹಚ್ಚು' ಎಂದೆ.
ಹಚ್ಚಿದ. ಕೆನ್ನೆ, ಗದ್ದ, ಬಲಗಿವಿ, ಎಡಗಿವಿ.
ಇಲ್ಲದ ತುದಿಗೂ ಬೆರಳು ಒಮ್ಮೆ ಹೋಗಿ
ಗಾಳಿಯನ್ನು ಸವರಿ ಬಂತು.

ಮೂವತ್ತೇಳು ಡಿಗ್ರಿ. ಇನ್ನು ಇಪ್ಪತ್ತಾರು ಓವರು.
ಅದೇ ಬೌಲರು, ಅದೇ ತುದಿ.
ಗೋಲಿಗಳೆಲ್ಲ ಎಡಗೈಯಲ್ಲಿವೆ.